ಬೀಜದ ಕುದುರೆಯ ಬೆಲೆ



ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಕುದುರೆಯ ಪಂದ್ಯಗಳನ್ನು ನೋಡಲು ಒಮ್ಮೆಯಾದರೂ ಹೋದವರು ಅಲ್ಲಿ ಮಾರುವ ಪಂದ್ಯದ ಪುಸ್ತಕವನ್ನು ತಿರುವಿ ಹಾಕಿರಬಹುದು. ಅದರಲ್ಲಿ ಪ್ರತಿಯೊಂದು ಕುದುರೆಯ ಹೆಸರಿನೊಡನೆ ಅದರ ತಂದೆಯ ಹೆಸರೂ ತಾಯಿಯ ಹೆಸರೂ ಅಚ್ಚಾಗಿರುತ್ತವೆ. ನಮ್ಮ ಲಗ್ನಪತ್ರಿಕೆಗಳನ್ನು ಬಿಟ್ಟರೆ, ತಂದೆತಾಯಿಗಳ ಹೆಸರನ್ನು ಇಷ್ಟು ತಪ್ಪದೆ ಅಚ್ಚುಮಾಡುವ ಕಾಗದವು ಬೇರೊಂದು ಇರಲಾರದು. ಹಣವನ್ನು ಒಡ್ಡುವವನಿಗೆ ಆ ಹೆಸರುಗಳಿಂದ ಆಗುವ ಪ್ರಯೋಜನವು ಅಲ್ಪ. ಆದರೆ ಕುದುರೆಯನ್ನು ಸಾಕುವವನಿಗೂ ಮಾರುವವನಿಗೂ ಕೊಳ್ಳುವವನಿಗೂ ಅದರಲ್ಲಿಯೂ ತಂದೆಯ ಹೆಸರೇ ಸರ್ವಸ್ವ. ಆ ಹೆಸರಿಗಾಗಿ ಅವರು ಕೊಡುವ ಹಣದ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಂದು ಉದಾಹರಣೆಯಿಂದ ಆರಂಭಿಸೋಣ. ನಾರ್ದರ್ನ್ ಡ್ಯಾನ್ಸರ್ ಎಂಬ ಕುದುರೆಯು ತನ್ನ ಕಾಲದಲ್ಲಿ ಅಮೆರಿಕದ ಅತ್ಯಂತ ಪ್ರಸಿದ್ಧವಾದ ಪಂದ್ಯಗಳನ್ನು ಗೆದ್ದಿತು. ಓಡಿ ಅದು ಗಳಿಸಿದ ಒಟ್ಟು ಹಣವು ಆರು ಲಕ್ಷ ಡಾಲರಿಗಿಂತ ಕಡಮೆ. ಇಪ್ಪತ್ತು ವರ್ಷಗಳ ಮೇಲೆ, ಅದೇ ಕುದುರೆ ಮುದಿಯಾಗಿದ್ದಾಗ, ಒಂದು ಹೆಣ್ಣುಕುದುರೆಯನ್ನು ಒಂದು ಸಲ ಅದರ ಬಳಿಗೆ ಬಿಡುವುದಕ್ಕೆ ಹತ್ತು ಲಕ್ಷ ಡಾಲರುಗಳನ್ನು ಕೊಡುವವರಿದ್ದರು. ಮರಿ ಹುಟ್ಟದೆ ಹೋದರೂ ಆ ಹಣವು ಹಿಂದಿರುಗುತ್ತಿರಲಿಲ್ಲ. ಇಂಥ ವ್ಯಾಪಾರವನ್ನು ಕೇಳಿದವರು ಧನಿಕರ ಹುಚ್ಚು ಎಂದು ನಕ್ಕುಬಿಡುವುದು ಸಹಜ. ಹುಚ್ಚಿನ ಅಂಶವು ಇಲ್ಲದಿಲ್ಲ. ಆದರೆ ಈ ಹುಚ್ಚಿಗೂ ಒಂದು ಕ್ರಮವಿದೆ, ಸುಮಾರು 250 ವರ್ಷಗಳ ಚರಿತ್ರೆಯೂ ಇದೆ.

ನಮ್ಮ ಹಳ್ಳಿಗಳಲ್ಲಿ ಬೀಜದ ಹೋರಿಯೆಂಬುದು ಎಲ್ಲರಿಗೂ ತಿಳಿದದ್ದೇ. ದೇವರ ಹೆಸರಿನಲ್ಲಿ ಬಿಟ್ಟ ಬಸವನು ಊರ ದನಗಳ ನಡುವೆ ತನ್ನ ಇಚ್ಛೆಯಂತೆ ತಿರುಗುತ್ತಾನೆ; ಅವನಿಗೆ ಯಾರೂ ಶುಲ್ಕವನ್ನು ಕೊಡುವುದಿಲ್ಲ, ಕೊಡಬೇಕೆಂದು ಕೇಳುವವರೂ ಇಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ನಮ್ಮ ಕುಣಿಗಲಿನ ಅಶ್ವಶಾಲೆಯ ಉದ್ದೇಶವೂ ಮೊದಲಲ್ಲಿ ದಂಡಿಗೆ ಬೇಕಾದ ಕುದುರೆಗಳನ್ನು ಒದಗಿಸುವುದೇ ಆಗಿತ್ತು. ದಂಡಿಗೆ ಬೇಕಾದದ್ದು ಗಟ್ಟಿಯಾದ ಹಲವು ಕುದುರೆಗಳೇ ಹೊರತು ಎಲ್ಲವನ್ನೂ ಮೀರಿಸಿ ಓಡುವ ಒಂದು ಕುದುರೆಯಲ್ಲ. ಆ ಒಂದನ್ನು ಹುಡುಕುವ ಚಪಲವು ಇಂಗ್ಲೆಂಡಿನ ಪಂದ್ಯದ ಮೈದಾನದಲ್ಲಿ ಹುಟ್ಟಿತು. ಬೀಜದ ಶುಲ್ಕವು ವ್ಯಾಪಾರವಾಗಿ ಬೆಳೆದದ್ದೂ ಅಲ್ಲಿಯೇ.

ಥರೊಬ್ರೆಡ್ ಎಂಬ ಓಟದ ಕುದುರೆಯ ಜಾತಿಯು ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ, ಪೂರ್ವದೇಶಗಳಿಂದ ತರಿಸಿದ ಗಂಡುಕುದುರೆಗಳಿಂದ, ಇಂಗ್ಲೆಂಡಿನಲ್ಲಿ ಏರ್ಪಟ್ಟಿತು. ಈ ಜಾತಿಯ ವಂಶಾವಳಿಯನ್ನು ವೆದರ್ಬಿ ಎಂಬವನು 1791ರಲ್ಲಿ ಅಚ್ಚುಹಾಕಿಸಲು ತೊಡಗಿದನು. ಈಗ ಅಂಥ ವಂಶಾವಳಿಯ ಗ್ರಂಥದಲ್ಲಿ ದಾಖಲಾಗದ ಕುದುರೆಯು ಥರೊಬ್ರೆಡ್ ಎನಿಸಿಕೊಳ್ಳುವುದಿಲ್ಲ. ಇದಕ್ಕೆ ಮತ್ತೊಂದು ಕಟ್ಟಳೆ ಸೇರಿದೆ. ಹಸುಗಳ ವಿಷಯದಲ್ಲಿ ಈಗ ಸಾಮಾನ್ಯವಾಗಿರುವ ಕೃತಕ ಗರ್ಭಧಾರಣೆಯು ಈ ಜಾತಿಯಲ್ಲಿ ನಿಷಿದ್ಧ. ಹೆಣ್ಣುಕುದುರೆಯನ್ನು ಗಂಡಿರುವ ಸ್ಥಳಕ್ಕೇ ಒಯ್ಯಬೇಕು. ಅದು ಹನ್ನೊಂದು ತಿಂಗಳು ಗರ್ಭವನ್ನು ಹೊತ್ತು ವರ್ಷಕ್ಕೆ ಒಂದೇ ಮರಿಯನ್ನು ಹಾಕುತ್ತದೆ. ಹೀಗಾಗಿ ಶ್ರೇಷ್ಠವೆನಿಸಿದ ಗಂಡಿನ ಬಳಿ ವರ್ಷಕ್ಕೆ ಇಂತಿಷ್ಟೇ ಅವಕಾಶಗಳು. ಅವು ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಣಯಿಸುವುದು ಶುಲ್ಕ.

ಈ ಶುಲ್ಕದ ಕಥೆಯಲ್ಲಿ ಮೊದಲ ದೊಡ್ಡ ಹೆಸರು ಎಕ್ಲಿಪ್ಸ್. 1764ನೆಯ ಇಸವಿ ಏಪ್ರಿಲ್ 1ರಂದು ಸೂರ್ಯಗ್ರಹಣದ ದಿನ ಹುಟ್ಟಿದುದರಿಂದ ಅದಕ್ಕೆ ಗ್ರಹಣವೆಂಬರ್ಥದ ಆ ಹೆಸರು ಬಂದಿತು. ನಮ್ಮವರಾಗಿದ್ದರೆ ಗ್ರಹಣದಲ್ಲಿ ಹುಟ್ಟಿದ ಮರಿಗೆ ಶಾಂತಿಯನ್ನು ಮಾಡಿಸಿ ದಾನಕೊಟ್ಟುಬಿಡುತ್ತಿದ್ದರೋ ಏನೋ! ಅದರ ಯಜಮಾನನಾದ ಕಂಬರ್ಲೆಂಡಿನ ಡ್ಯೂಕನು ಮರುವರ್ಷವೇ ಮರಣಹೊಂದಿದನು. ಮರಿಯನ್ನು ವೈಲ್ಡ್‌ಮನ್ ಎಂಬ ಮಾಂಸದ ವ್ಯಾಪಾರಿಯು 75 ಗಿನಿಗಳಿಗೆ ಕೊಂಡುಕೊಂಡನು. ಗಿನಿಯೆಂದರೆ ಒಂದು ಪೌಂಡು ಒಂದು ಷಿಲ್ಲಿಂಗ್. ಕುದುರೆಯ ವ್ಯವಹಾರದಲ್ಲಿ ಆ ಲೆಕ್ಕವು ಬಹುಕಾಲ ಉಳಿದುಬಂದಿತು. ಕುದುರೆಯು ಐದು ವರ್ಷದ್ದಾಗುವವರೆಗೆ ಅವನು ಅದನ್ನು ಪಂದ್ಯಕ್ಕೆ ಇಳಿಸಲಿಲ್ಲ. ಗುಟ್ಟಾಗಿ ನಡೆದ ಒಂದು ಪರೀಕ್ಷೆಯ ಓಟವನ್ನು ಕದ್ದು ನೋಡಲು ಬಂದ ಜೂಜುಗಾರರು ತಡವಾಗಿ ಬಂದು, ದಾರಿಯಲ್ಲಿ ಸಿಕ್ಕಿದ ಒಬ್ಬ ಮುದುಕಿಯನ್ನು ವಿಚಾರಿಸಿದರಂತೆ. ಪಂದ್ಯವೋ ಏನೋ ತನಗೆ ತಿಳಿಯದು, ಬಿಳಿಯ ಕಾಲಿನ ಒಂದು ಕುದುರೆ ಓಡಿಹೋಗುತ್ತಿತ್ತು, ಹಿಂದೆ ಬಹುದೂರದಲ್ಲಿ ಇನ್ನೊಂದು ಬರುತ್ತಿತ್ತು, ಅದು ಲೋಕದ ಕೊನೆಯವರೆಗೆ ಓಡಿದರೂ ಇದನ್ನು ಹಿಡಿಯಲಾರದು ಎಂದು ಆಕೆ ಹೇಳಿದಳಂತೆ. ಕಥೆ ನಿಜವಿರಲಿ ಇಲ್ಲದಿರಲಿ, ಆಕೆಯ ತೀರ್ಪು ಮಾತ್ರ ಸರಿಯಾಗಿತ್ತು.

1769ರ ಮೇ 3ರಂದು ಎಪ್ಸಮ್ ಎಂಬಲ್ಲಿ ಎಕ್ಲಿಪ್ಸ್ ತನ್ನ ಮೊದಲ ಪಂದ್ಯವನ್ನು ಓಡಿತು. ಆ ದಿನಗಳಲ್ಲಿ ಒಂದೇ ಪಂದ್ಯವನ್ನು ಎರಡು ಮೂರು ಸಲ ಓಡಿಸುವ ಪದ್ಧತಿಯಿತ್ತು. ಮೊದಲನೆಯ ಸುತ್ತು ಮುಗಿದಮೇಲೆ ಡೆನಿಸ್ ಓಕೆಲಿ ಎಂಬ ಐರಿಷ್ ಜೂಜುಗಾರನು, ಎರಡನೆಯ ಸುತ್ತಿನಲ್ಲಿ ಕುದುರೆಗಳೆಲ್ಲವೂ ಯಾವ ಕ್ರಮದಲ್ಲಿ ಬರುವುವೆಂಬುದನ್ನು ಹೇಳುವೆನೆಂದು ಪಣವೊಡ್ಡಿದನು. ಎಕ್ಲಿಪ್ಸ್ ಮೊದಲು, ಉಳಿದುವಕ್ಕೆ ಸ್ಥಾನವೇ ಇಲ್ಲ ಎಂಬುದು ಅವನ ಉತ್ತರ. ಗೆದ್ದ ಕುದುರೆಗಿಂತ 240 ಗಜಗಳಷ್ಟು ಹಿಂದೆ ಬಿದ್ದದ್ದಕ್ಕೆ ಅಂದಿನ ಕಟ್ಟಳೆಯಂತೆ ಸ್ಥಾನವೇ ಇರುತ್ತಿರಲಿಲ್ಲ. ಹಾಗೆಯೇ ಆಯಿತು. ಓಕೆಲಿಯು ಆ ಕುದುರೆಯ ಅರ್ಧ ಪಾಲನ್ನು 650 ಗಿನಿಗಳಿಗೂ ಮುಂದೆ ಉಳಿದ ಅರ್ಧವನ್ನು 1,100 ಗಿನಿಗಳಿಗೂ ಕೊಂಡನು. ಹದಿನೆಂಟು ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಎಕ್ಲಿಪ್ಸ್ ಮೈದಾನವನ್ನು ಬಿಟ್ಟಿತು. ಬಿಡದೆ ಬೇರೆ ದಾರಿಯೂ ಇರಲಿಲ್ಲ. ಅದರ ಎದುರು ಪಂದ್ಯ ಕಟ್ಟುವವರೇ ಇಲ್ಲವಾಗಿದ್ದರು.

ಆಗ ಓಕೆಲಿಯು ಎಪ್ಸಮ್ಮಿನಲ್ಲಿ ಅದನ್ನು ನಿಲ್ಲಿಸಿಕೊಂಡು 50 ಗಿನಿಗಳ ಶುಲ್ಕವನ್ನು ಸಾರಿದನು. ಆ ಕಾಲಕ್ಕೆ ಅದು ಭಾರಿಯಾದ ಮೊತ್ತ. ಜನರು ಹಿಂಜರಿದರು, ಮುಂದೆ ಶುಲ್ಕವು ಅರ್ಧಕ್ಕೆ ಇಳಿಯಿತು. ಆದರೂ ತಾನು ಆ ಕುದುರೆಯಿಂದ 25,000 ಪೌಂಡುಗಳನ್ನು ಸಂಪಾದಿಸಿದೆನೆಂದು ಓಕೆಲಿಯು ಹೇಳಿಕೊಳ್ಳುತ್ತಿದ್ದನು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಓಕೆಲಿಯು ಸಾಲಕ್ಕಾಗಿ ಸೆರೆಮನೆಯನ್ನು ಕಂಡಿದ್ದವನು, ಕುಲಶೀಲಗಳಿಲ್ಲದವನು. ಪಂದ್ಯದ ಲೋಕವನ್ನು ಆಳುತ್ತಿದ್ದ ಜಾಕಿ ಕ್ಲಬ್ಬಿನ ದೊಡ್ಡಮನುಷ್ಯರು ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಳ್ಳಲೇ ಇಲ್ಲ. ಕುದುರೆಯ ಕುಲವನ್ನು ಹುಡುಕಿಕೊಂಡು ಅವನ ಬಾಗಿಲಿಗೆ ಬಂದವರು, ಯಜಮಾನನ ಕುಲವನ್ನು ನೋಡಿ ತಮ್ಮ ಬಾಗಿಲನ್ನು ಮುಚ್ಚಿಕೊಂಡರು. 1789ರಲ್ಲಿ ಎಕ್ಲಿಪ್ಸ್ ಸತ್ತ ಬಹುಕಾಲಾನಂತರ, 1832ರಲ್ಲಿ, ನಾಲ್ಕನೆಯ ವಿಲಿಯಮ್ ದೊರೆಯು ಅದರದೆಂದು ಹೇಳಿದ ಒಂದು ಗೊರಸನ್ನು ಚಿನ್ನದಲ್ಲಿ ಕಟ್ಟಿಸಿ ಅದೇ ಕ್ಲಬ್ಬಿಗೆ ಬಹುಮಾನವಾಗಿ ಕೊಟ್ಟನು.

ಎಕ್ಲಿಪ್ಸಿನ ಸಂತಾನದ ಯೋಗ್ಯತೆಯನ್ನು ಅದರ ಸಮಕಾಲದವರು ಎಷ್ಟು ಮಾತ್ರ ಅರಿತಿದ್ದರು? ಮಕ್ಕಳು ಗೆದ್ದ ಹಣದ ಲೆಕ್ಕದಲ್ಲಿ ವರ್ಷದ ಮೊದಲ ಸ್ಥಾನವು ಎಕ್ಲಿಪ್ಸಿಗೆ ಒಮ್ಮೆಯೂ ಸಿಕ್ಕಲಿಲ್ಲ. ಆ ಗೌರವವು ಮೊದಲು ಹೆರಡ್ ಎಂಬ ಕುದುರೆಗೂ, ಆಮೇಲೆ ಅದರ ಮಗನಾದ ಹೈಫ್ಲಯರಿಗೂ ಸಂದಿತು. ಹೈಫ್ಲಯರನ್ನು 2,500 ಪೌಂಡುಗಳಿಗೆ ಕೊಂಡವನು ಲಂಡನ್ನಿನ ಹರಾಜುದಾರನಾದ ರಿಚರ್ಡ್ ಟ್ಯಾಟರ್ಸಾಲ್. ಅದರ ಶುಲ್ಕದಿಂದ ಅವನು ಅಪಾರವಾದ ಐಶ್ವರ್ಯವನ್ನು ಪಡೆದು, ತನ್ನ ಬಂಗಲೆಗೂ ಆ ಕುದುರೆಯ ಹೆಸರನ್ನೇ ಇಟ್ಟನು. ಹಾಗಿದ್ದರೂ ಪ್ರಪಂಚದಲ್ಲಿ ಈಗ ಓಡುವ ಥರೊಬ್ರೆಡ್‌ಗಳಲ್ಲಿ ನೂರಕ್ಕೆ 95ರಷ್ಟು ಗಂಡುಸಂತತಿಯ ಕ್ರಮದಲ್ಲಿ ಎಕ್ಲಿಪ್ಸಿನಿಂದಲೇ ಇಳಿದು ಬಂದವೆಂದು ವಂಶಾವಳಿಯನ್ನು ಬಲ್ಲವರು ಲೆಕ್ಕಹಾಕಿದ್ದಾರೆ.

ಶುಲ್ಕವನ್ನು ಕಟ್ಟುವವರು ಏಕೆ ಹೀಗೆ ಎಡವುತ್ತಾರೆಂಬುದಕ್ಕೆ ಕಾರಣವು ಕಾಲದ ಲೆಕ್ಕದಲ್ಲಿದೆ. ಒಂದು ಕುದುರೆಯು ಓಟವನ್ನು ಮುಗಿಸಿ ಬೀಜಕ್ಕೆ ನಿಂತ ಮೊದಲ ವರ್ಷ ಅದರ ಗೆಲವುಗಳ ನೆನಪು ಹಸಿರಾಗಿರುತ್ತದೆ, ಶುಲ್ಕ ಏರಿರುತ್ತದೆ. ಮರಿ ಹುಟ್ಟುವುದಕ್ಕೆ ಒಂದು ವರ್ಷ. ಅದು ಓಡುವ ವಯಸ್ಸಿಗೆ ಬರಲು ಮತ್ತೆರಡು ವರ್ಷ. ಅಲ್ಲಿಯವರೆಗೆ ತಂದೆಯ ನಿಜವಾದ ಯೋಗ್ಯತೆಯನ್ನು ಬಲ್ಲವರು ಯಾರೂ ಇಲ್ಲ. ಮರಿಯನ್ನು ತಾನೇ ಓಡಿಸಬೇಕೆಂದಿರುವ ಯಜಮಾನನು ಕಾಯಬಲ್ಲನು. ಆದರೆ ಮಾರುವುದಕ್ಕಾಗಿಯೇ ಸಾಕುವವನು ಅದನ್ನು ಒಂದು ವರ್ಷದ ವಯಸ್ಸಿನಲ್ಲಿ, ಒಂದು ಹೆಜ್ಜೆಯನ್ನೂ ಓಡುವ ಮೊದಲೇ, ಹರಾಜಿನಲ್ಲಿ ನಿಲ್ಲಿಸುತ್ತಾನೆ. ಅವನಿಗೆ ಬೇಕಾದದ್ದು ಒಳ್ಳೆಯ ಓಟಗಾರನನ್ನು ಹುಟ್ಟಿಸುವ ತಂದೆಯಲ್ಲ. ಹರಾಜಿನ ದಿನ ಕೊಳ್ಳುವವರು ಒಳ್ಳೆಯದೆಂದು ನಂಬುವ ತಂದೆ. ಇವೆರಡೂ ಒಂದೇ ಆಗಿರುವುದುಂಟು, ಬೇರೆಯಾಗಿರುವುದೂ ಉಂಟು. ಶುಲ್ಕವು ನಂಬಿಕೆಯನ್ನು ಅಳೆಯುತ್ತದೆ. ಗುಣವು ಅದಕ್ಕೆ ತಾಳೆಯಾಗುವುದೇ ಎಂಬುದು ತಡವಾಗಿ ತಿಳಿಯುತ್ತದೆ.

ನಂಬಿಕೆಯೂ ಗುಣವೂ ಪೂರ್ಣವಾಗಿ ತಾಳೆಯಾದ ಒಂದು ನಿದರ್ಶನವನ್ನು ಈಗ ನೋಡೋಣ. ಅಲ್ಲಿಯೂ ಒಂದು ಕೇಡು ಕಾದಿತ್ತು. ಸೇಂಟ್ ಸೈಮನ್ ಎಂಬ ಕುದುರೆಯು 1881ರಲ್ಲಿ ಹುಟ್ಟಿತು. ಅದರ ಯಜಮಾನನಾದ ಬಾತ್ಯಾನಿ ಎಂಬ ಹಂಗೇರಿಯ ರಾಜಕುಮಾರನು 1883ರಲ್ಲಿ ನ್ಯೂಮಾರ್ಕೆಟ್ಟಿನ ಪಂದ್ಯದ ಮೈದಾನದಲ್ಲಿಯೇ ಹೃದಯ ನಿಂತು ತೀರಿಕೊಂಡನು. ಯಜಮಾನನು ಸತ್ತರೆ ಅವನ ಕುದುರೆಗಳ ಹೆಸರು ಮುಂದಿನ ಪಂದ್ಯಗಳಿಂದ ಬಿದ್ದುಹೋಗುವುದೆಂಬುದು ಅಂದಿನ ನಿಯಮ. ಆದುದರಿಂದ ಪೋರ್ಟ್‌ಲೆಂಡಿನ ಡ್ಯೂಕನು ಇದನ್ನು 1,600 ಗಿನಿಗಳಿಗೆ ಕೊಂಡಾಗ, ಡರ್ಬಿ ಮೊದಲಾದ ದೊಡ್ಡ ಪಂದ್ಯಗಳಲ್ಲಿ ಅದು ಓಡುವಂತೆಯೇ ಇರಲಿಲ್ಲ. ಓಡಿದ ಪಂದ್ಯಗಳನ್ನು ಮಾತ್ರ ಎಲ್ಲವನ್ನೂ ಗೆದ್ದಿತು. 1884ರ ಆ್ಯಸ್ಕಾಟ್ ಸ್ವರ್ಣಪಾತ್ರೆಯನ್ನು ಇಪ್ಪತ್ತು ಕುದುರೆಗಳ ಉದ್ದದ ಅಂತರದಿಂದ ಪಡೆಯಿತು.

ಬೀಜಕ್ಕೆ ನಿಂತಾಗ ಅದರ ಶುಲ್ಕ 50 ಗಿನಿಗಳು. ಮಕ್ಕಳು ಓಡತೊಡಗಿದಂತೆ ಅದು ಏರುತ್ತ ಏರುತ್ತ 500 ಗಿನಿಗಳನ್ನು ಮುಟ್ಟಿತು. ಒಂಬತ್ತು ವರ್ಷ ತಂದೆಕುದುರೆಗಳಲ್ಲಿ ಅದಕ್ಕೇ ಪಟ್ಟ. 1896ರ ಡರ್ಬಿಯನ್ನು ವೇಲ್ಸಿನ ಯುವರಾಜನಿಗಾಗಿ ಗೆದ್ದ ಪರ್ಸಿಮನ್ ಅದರ ಮಗ. 1900ರಲ್ಲಿಯಂತೂ ಇಂಗ್ಲೆಂಡಿನ ಐದು ಮಹಾಪಂದ್ಯಗಳನ್ನೂ ಅದರ ಮಕ್ಕಳೇ ಗೆದ್ದರು. ಡ್ಯೂಕನ ಕುದುರೆಗಳು ಗೆದ್ದ ಬಹುಮಾನದ ಹಣದಲ್ಲಿ ಒಂದು ಭಾಗವನ್ನು, ಅವನ ಪತ್ನಿಯ ಕೋರಿಕೆಯಂತೆ, ವೃದ್ಧರಾದ ಬಡವರ ವಾಸಕ್ಕೆ ಮನೆಗಳನ್ನು ಕಟ್ಟಿಸುವುದಕ್ಕಾಗಿ ವಿನಿಯೋಗಿಸಿದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜೂಜಿನ ಹಣಕ್ಕೆ ಅಂಥ ಸದ್ಗತಿಯು ಅಪರೂಪ.

ಇಂಥ ತಂದೆಯಿದ್ದಾಗ ಎಲ್ಲರೂ ಅದನ್ನೇ ಬಯಸಿದರು. ಅದು ದೊರೆಯದವರು ಅದರ ಮಕ್ಕಳನ್ನು ಬಯಸಿದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಉತ್ತಮವಾದ ಲಾಯಗಳೆಲ್ಲ ಸೇಂಟ್ ಸೈಮನ್ನಿನ ಹೆಣ್ಣುಮಕ್ಕಳಿಂದ ತುಂಬಿಹೋದುವು. ಗಂಡುಮಕ್ಕಳು ಬೀಜಕ್ಕೆ ನಿಂತಾಗ ಅವುಗಳ ಬಳಿಗೆ ಕಳುಹಿಸಲು ಒಳ್ಳೆಯ ಹೆಣ್ಣುಗಳು ಎಲ್ಲಿಂದ ಬರಬೇಕು? ಇದ್ದುವೆಲ್ಲ ಅಕ್ಕತಂಗಿಯರು, ಅಣ್ಣತಮ್ಮಂದಿರ ಮಕ್ಕಳು. ಸಗೋತ್ರವನ್ನು ತಪ್ಪಿಸಬೇಕೆಂದರೆ ಬೇರೆ ವಂಶದ ಗಂಡುಗಳನ್ನೇ ಹುಡುಕಬೇಕಾಯಿತು. 1908ರಲ್ಲಿ ಸೇಂಟ್ ಸೈಮನ್ ಸತ್ತಮೇಲೆ ಅದರ ಗಂಡುಸಂತತಿಯು ಇಂಗ್ಲೆಂಡಿನಲ್ಲಿ ಬೇಗನೆ ಕುಗ್ಗಿಹೋಯಿತು. ಫ್ರಾನ್ಸಿಗೂ ಇಟಲಿಗೂ ಹೋದ ಕವಲುಗಳಲ್ಲಿ ಮಾತ್ರ ಉಳಿಯಿತು.

ಆ ಇಟಲಿಯಲ್ಲಿ ಮ್ಯಾಜೋರೆ ಸರೋವರದ ದಡದ ಡೊರ್ಮೆಲ್ಲೊ ಎಂಬಲ್ಲಿ ಫೆಡೆರಿಕೊ ಟೆಸಿಯೊ ಎಂಬವನು ಕುದುರೆಗಳನ್ನು ಸಾಕುತ್ತಿದ್ದನು. ಇಂಗ್ಲೆಂಡಿನ ಪ್ರಭುಗಳಷ್ಟು ಧನಿಕನಲ್ಲ. ಆದರೆ ಇವನಿಗೆ ಸರಿಯಾದ ಪರೀಕ್ಷಕನು ಆ ಶತಮಾನದಲ್ಲಿ ಇನ್ನೊಬ್ಬನಿರಲಿಲ್ಲವೆಂದು ನನ್ನ ಅಭಿಪ್ರಾಯ. ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಕುದುರೆಯ ಬೆಲೆ ನೆಲಕ್ಕಿಳಿದಿದ್ದಾಗ ಅವನು ನ್ಯೂಮಾರ್ಕೆಟ್ಟಿನಲ್ಲಿ ಕ್ಯಾಟ್‌ನಿಪ್ ಎಂಬ ಹೆಣ್ಣುಕುದುರೆಯನ್ನು 75 ಗಿನಿಗಳಿಗೆ ಕೊಂಡನು. ಎಕ್ಲಿಪ್ಸನ್ನು ಮಾಂಸದ ವ್ಯಾಪಾರಿ ಕೊಂಡದ್ದೂ ಅಷ್ಟಕ್ಕೇ ಎಂಬುದನ್ನು ಶ್ರೋತೃಗಳು ಮರೆತಿರಲಾರರು. ಸೇಂಟ್ ಸೈಮನ್ನಿನ ಮೊಮ್ಮಗನಾದ ಹಾವ್ರೆಸಾಕ್ ಎಂಬ ಕುದುರೆಯಿಂದ ಕ್ಯಾಟ್‌ನಿಪ್ಪಿಗೆ ಹುಟ್ಟಿದ ಮಗಳು ನೊಗಾರ. ನೊಗಾರಳನ್ನು ಡರ್ಬಿ ಪ್ರಭುವಿನ ಫೇರ್‌ವೇ ಎಂಬ ಕುದುರೆಯ ಬಳಿಗೆ ಕಳುಹಿಸಬೇಕೆಂದು ಟೆಸಿಯೊನ ಆಸೆ. ಫೇರ್‌ವೇ 1928ರ ಸೇಂಟ್ ಲೆಜರ್ ಪಂದ್ಯವನ್ನು ಗೆದ್ದು ಜನಪ್ರಿಯವಾಗಿದ್ದುದರಿಂದ ಅದರ ಅವಕಾಶಗಳೆಲ್ಲ ಮೊದಲೇ ಮಾರಿಹೋಗಿದ್ದುವು. ಬೇರೆ ದಾರಿಯಿಲ್ಲದೆ ಅವನು, ಅದೇ ತಂದೆತಾಯಿಗಳ ಮಗನಾದರೂ ಅಷ್ಟು ಹೆಸರಿಲ್ಲದ ಅಣ್ಣ ಫೇರೊಸನ್ನು ಆರಿಸಿಕೊಂಡನು. 1935ರಲ್ಲಿ ಹುಟ್ಟಿದ ಮರಿಯು ನಿಯಾರ್ಕೊ. ಹದಿನಾಲ್ಕು ಪಂದ್ಯಗಳು, ಹದಿನಾಲ್ಕು ಗೆಲವುಗಳು. 1938ರಲ್ಲಿ ಪ್ಯಾರಿಸಿನ ಮಹಾಪಂದ್ಯವನ್ನು ಗೆದ್ದ ಕೆಲವೇ ದಿನಗಳಲ್ಲಿ ಅದು 60,000 ಪೌಂಡುಗಳಿಗೆ ಇಂಗ್ಲೆಂಡಿನ ಬೆನ್ಸನ್ ಎಂಬವನಿಗೆ ಮಾರಾಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಬಾಂಬುಗಳಿಂದ ರಕ್ಷಿಸಲು ಪ್ರತ್ಯೇಕವಾದ ಒಂದು ಆಶ್ರಯವನ್ನೇ ಕಟ್ಟಿಸಿದ್ದರು.

ಆ ನಿಯಾರ್ಕೊವಿನ ಮಗನಿಗೆ ಕೆನಡಾ ದೇಶದಲ್ಲಿ 1961ರ ಮೇ 27ರಂದು ಹುಟ್ಟಿದ ಗಿಡ್ಡ ಮರಿಯೇ ನಾರ್ದರ್ನ್ ಡ್ಯಾನ್ಸರ್. ಅದರ ಯಜಮಾನನಾದ ಟೇಲರನು ಒಂದು ವರ್ಷದ ಮರಿಗೆ 25,000 ಡಾಲರುಗಳ ಬೆಲೆಯನ್ನು ಕಟ್ಟಿದಾಗ, ಎತ್ತರ ಸಾಲದೆಂದು ಯಾರೂ ಕೊಳ್ಳಲಿಲ್ಲ. 1964ರಲ್ಲಿ ಅದು ಕೆಂಟಕಿಯ ಡರ್ಬಿಯನ್ನು ಎರಡು ನಿಮಿಷಗಳಲ್ಲಿ ಓಡಿ ಗೆದ್ದು ಅಲ್ಲಿಯವರೆಗಿನ ದಾಖಲೆಯನ್ನು ಮುರಿಯಿತು. 1965ರಲ್ಲಿ ಬೀಜಕ್ಕೆ ನಿಂತಾಗ ಶುಲ್ಕ 10,000 ಡಾಲರು. ಅದರ ಮಗನಾದ ನಿಜಿನ್ಸ್ಕಿಯು 1970ರಲ್ಲಿ ಇಂಗ್ಲೆಂಡಿನ ಮೂರು ಮಹಾಪಂದ್ಯಗಳನ್ನು ಒಂದೇ ವರ್ಷದಲ್ಲಿ ಗೆದ್ದಮೇಲೆ ಐರ್ಲೆಂಡಿನ ಶಿಕ್ಷಕ ವಿನ್ಸೆಂಟ್ ಓಬ್ರಿಯನ್ನನೂ ಅವನ ಸಂಗಡಿಗರೂ ಈ ರಕ್ತದ ಮರಿಗಳನ್ನೇ ಹುಡುಕಿ ಕೊಳ್ಳತೊಡಗಿದರು. ದುಬೈಯ ಷೇಖರು ಅವರಿಗೆ ಎದುರಾಗಿ ನಿಂತರು. ಪಂದ್ಯದಲ್ಲಿ ಸಿಗುವ ಹಣಕ್ಕಾಗಿ ಇವರು ಸೆಣಸಿದರೆಂದು ತಿಳಿಯಬಾರದು. ಹತ್ತು ಮರಿಗಳಲ್ಲಿ ಒಂದು ದೊಡ್ಡ ಪಂದ್ಯವನ್ನು ಗೆದ್ದು ತಾನೂ ಬೀಜದ ಕುದುರೆಯಾದರೆ ಉಳಿದ ಒಂಬತ್ತರ ನಷ್ಟವು ತೀರಿಹೋಗುವುದೆಂಬುದು ಅವರ ಲೆಕ್ಕ.

1981ರಲ್ಲಿ ಇಪ್ಪತ್ತು ವರ್ಷದ ನಾರ್ದರ್ನ್ ಡ್ಯಾನ್ಸರಿಗೆ ನಾಲ್ಕು ಕೋಟಿ ಡಾಲರುಗಳನ್ನು ಕೊಡುವೆವೆಂದವರನ್ನು ಅದರ ಪಾಲುದಾರರು ಹಿಂದಕ್ಕೆ ಕಳುಹಿಸಿದರು. ಪಾಲುದಾರರೆಂದೆನಷ್ಟೆ, ಆ ವೇಳೆಗೆ ಇಂಥ ಕುದುರೆಯನ್ನು 40ರಷ್ಟು ಪಾಲುಗಳಾಗಿ ವಿಂಗಡಿಸಿ ಮಾರುವುದು ರೂಢಿಯಾಗಿದ್ದಿತು. ಅದೇ ವರ್ಷ ಡರ್ಬಿಯನ್ನು ಗೆದ್ದ ಷೆರ್ಗರ್ ಎಂಬ ಕುದುರೆಯ ಪಾಲೊಂದು 2,50,000 ಪೌಂಡುಗಳಂತೆ ಮಾರಿತು. ಪಾಪ, ಆ ಕುದುರೆಯನ್ನು 1983ರ ಫೆಬ್ರವರಿ 8ರ ರಾತ್ರಿ ಬಂದೂಕುಗಾರರು ಐರ್ಲೆಂಡಿನ ಲಾಯದಿಂದ ಕದ್ದೊಯ್ದರು. ಅದರ ಶವವೂ ಸಿಕ್ಕಲಿಲ್ಲ.

1983ರ ಜುಲೈಯಲ್ಲಿ ಕೆಂಟಕಿಯ ಕೀನ್‌ಲೆಂಡಿನ ಹರಾಜಿನಲ್ಲಿ ನಾರ್ದರ್ನ್ ಡ್ಯಾನ್ಸರಿನ ಒಂದು ಮರಿಗೆ ಬಿಡ್ಡು ಏರುತ್ತ ಒಂದು ಕೋಟಿಯನ್ನು ದಾಟಿತು. ಬೆಲೆಯನ್ನು ತೋರಿಸುವ ಫಲಕದಲ್ಲಿ ಅಷ್ಟು ಅಂಕೆಗಳಿಗೆ ಸ್ಥಳವಿರಲಿಲ್ಲವಾಗಿ ಅದು ಸೊನ್ನೆಯಿಂದ ಮೊದಲಾಗುವ ಅಂಕೆಗಳನ್ನು ತೋರಿಸುತ್ತಿತ್ತಂತೆ. ಒಂದು ಕೋಟಿ ಎರಡು ಲಕ್ಷ ಡಾಲರುಗಳಿಗೆ ಷೇಖ್ ಮಹಮ್ಮದನ ಪಾಲಿಗೆ ಬಂದ ಆ ಮರಿಗೆ ಸ್ನಾಫಿ ಡ್ಯಾನ್ಸರ್ ಎಂದು ಹೆಸರಾಯಿತು. ಓಟದಲ್ಲಿ ತೀರ ಮಂದವೆಂದು ತಿಳಿದು ಅದನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. ರಕ್ತವಾದರೂ ಉಳಿದಿದೆಯೆಂದು ಬೀಜಕ್ಕೆ ನಿಲ್ಲಿಸಿದರೆ, ಅದಕ್ಕೆ ಹುಟ್ಟಿದವು ನಾಲ್ಕೇ ಮರಿಗಳು. ಇಂಥವು ಮುಂದೆಯೂ ಆದುವು. 2006ರಲ್ಲಿ ಫ್ಲಾರಿಡಾದಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಡಾಲರುಗಳಿಗೆ ಮಾರಿದ ಗ್ರೀನ್ ಮಂಕಿ ಎಂಬುದು ಮೂರು ಸಲ ಓಡಿ ಒಂದನ್ನೂ ಗೆಲ್ಲಲಿಲ್ಲ.

ಈ ನಷ್ಟಗಳು ಧನಿಕರ ಕೈಯವು. ಅವರಿಗಾಗಿ ನಾವು ಕಣ್ಣೀರಿಡಬೇಕಾಗಿಲ್ಲ. ನನಗೆ ಚಿಂತೆಯೆನಿಸುವುದು ಕುದುರೆಯ ಜಾತಿಯ ಗತಿ. ಸೇಂಟ್ ಸೈಮನ್ನಿನ ಕಾಲದಲ್ಲಿ ಒಂದು ಗಂಡಿಗೆ ವರ್ಷಕ್ಕೆ ನಲವತ್ತರ ಆಸುಪಾಸು ಹೆಣ್ಣುಗಳು ಬರುತ್ತಿದ್ದುವು. ಒಂದು ದೇಶದ ಆಚೆಗೆ ಅದರ ಪ್ರಭಾವವು ಬೇಗ ಹರಡುತ್ತಿರಲಿಲ್ಲ. ಪಶುವೈದ್ಯವು ಮುಂದುವರಿದ ಮೇಲೆ ಜನಪ್ರಿಯವಾದ ಕುದುರೆಯ ಬಳಿಗೆ ನೂರೈವತ್ತು, ಇನ್ನೂರು ಹೆಣ್ಣುಗಳು ಬರುವಂತಾಯಿತು. ವಿಮಾನವು ಬಂದಮೇಲೆ ಅದೇ ಕುದುರೆ ವಸಂತದಲ್ಲಿ ಐರ್ಲೆಂಡಿನಲ್ಲಿಯೂ, ಇಲ್ಲಿ ಋತು ಮುಗಿದೊಡನೆ ಆಸ್ಟ್ರೇಲಿಯದಲ್ಲಿಯೂ ನಿಲ್ಲತೊಡಗಿತು. ನಾರ್ದರ್ನ್ ಡ್ಯಾನ್ಸರಿನ ಮೊಮ್ಮಗನಾದ ಡೇನ್‌ಹಿಲ್ ಹಾಗೆ ಎರಡು ಗೋಲಾರ್ಧಗಳಲ್ಲಿಯೂ ದುಡಿದದ್ದು. 2010ರಿಂದ 2012ರವರೆಗೆ ಹದಿನಾಲ್ಕು ಪಂದ್ಯಗಳನ್ನು ಸೋಲರಿಯದೆ ಗೆದ್ದ ಫ್ರ್ಯಾಂಕೆಲ್ ಎಂಬ ಕುದುರೆಗೆ ತಂದೆಯ ಕಡೆಯಿಂದ ಮೂರನೆಯ ತಲೆಯಲ್ಲಿ ನಾರ್ದರ್ನ್ ಡ್ಯಾನ್ಸರ್. ತಾಯಿಯ ಕಡೆಯಿಂದ, ಡೇನ್‌ಹಿಲ್ಲಿನ ಮೂಲಕ, ನಾಲ್ಕನೆಯ ತಲೆಯಲ್ಲಿ ಮತ್ತೆ ಅದೇ. ಫ್ರ್ಯಾಂಕೆಲಿನ ಶುಲ್ಕವು 2013ರಲ್ಲಿ 1,25,000 ಪೌಂಡು. 2024ರಲ್ಲಿ 3,50,000 ಪೌಂಡು. ಅದು ಯೋಗ್ಯವಾದ ಕುದುರೆಯೆಂಬಲ್ಲಿ ನನಗೆ ಸಂದೇಹವಿಲ್ಲ. ಆದರೆ ಸೇಂಟ್ ಸೈಮನ್ ಕೂಡ ಯೋಗ್ಯವೇ ಆಗಿತ್ತು.

2020ರಲ್ಲಿ ವಿಜ್ಞಾನಿಗಳು ಹಲವು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳ ರಕ್ತವನ್ನು ಪರೀಕ್ಷಿಸಿ, ಸುಮಾರು ಐವತ್ತು ವರ್ಷಗಳಲ್ಲಿ ಸಗೋತ್ರಸಂಬಂಧವು ಒಂದೇ ಸಮನೆ ಏರಿದೆಯೆಂದು ಪ್ರಕಟಿಸಿದರು. ಆ ಕುದುರೆಗಳಲ್ಲಿ ನೂರಕ್ಕೆ 97ರ ವಂಶಾವಳಿಯಲ್ಲಿ ನಾರ್ದರ್ನ್ ಡ್ಯಾನ್ಸರಿನ ಹೆಸರಿದ್ದಿತು. ಅದೇ ವರ್ಷ ಅಮೆರಿಕದ ಜಾಕಿ ಕ್ಲಬ್ಬು, ಮುಂದೆ ಬೀಜಕ್ಕೆ ನಿಲ್ಲುವ ಕುದುರೆಗಳಿಗೆ ವರ್ಷಕ್ಕೆ 140 ಹೆಣ್ಣುಗಳನ್ನು ಮೀರಬಾರದೆಂಬ ನಿಯಮವನ್ನು ಮಾಡಿತು. ದೊಡ್ಡ ಅಶ್ವಶಾಲೆಗಳು ಇದು ತಮ್ಮ ವ್ಯಾಪಾರಕ್ಕೆ ಅಡ್ಡಿಯೆಂದು ನ್ಯಾಯಸ್ಥಾನಕ್ಕೆ ಹೋದುವು. ಕೆಂಟಕಿಯ ಶಾಸನಸಭೆಯಲ್ಲಿಯೂ ಅದಕ್ಕೆ ವಿರೋಧವು ಎದ್ದಿತು. 2022ರ ಫೆಬ್ರವರಿಯಲ್ಲಿ ಕ್ಲಬ್ಬು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.